ಮಿರ್ಚಿ ಭಜಿಯ ಪರೀಕ್ಷೆ

ಆಯುರ್ವೇದದಲ್ಲಿ ರೋಗಿಯನ್ನು ನೋಡಲು ಎಂಟು ಪರೀಕ್ಷೆಗಳಿವೆ. ನಾಡಿ, ನಾಲಿಗೆ, ಕಣ್ಣು ಎಂದು ಪಟ್ಟಿ ಸಾಗುತ್ತದೆ. ಒಂಬತ್ತನೆಯದನ್ನು ಕಂಡುಹಿಡಿದವರು ಮುಂಡರಗಿಯ ನಮ್ಮ ಸೋದರತ್ತೆ. ಇದು ಯಾವ ಗ್ರಂಥದಲ್ಲೂ ಇಲ್ಲವಲ್ಲ ಎಂದು ನನಗೆ ಇಂದಿಗೂ ಸಿಟ್ಟಿದೆ. ಲಕ್ಷ್ಮೇಶ್ವರದ ಮಹಿಳಾ ಮಂಡಳದವರು ಒಮ್ಮೆ ವೈದ್ಯಕೀಯಕ್ಕೆ ಸ್ತ್ರೀಯರ ಕೊಡುಗೆಯ ಬಗ್ಗೆ ನನ್ನನ್ನು ಭಾಷಣಕ್ಕೆ ಕರೆದಾಗ, ಸೂಕ್ಷ್ಮದರ್ಶಕ ಹಿಡಿದ ಪರದೇಶದ ಸಾಧಕಿಯರನ್ನೆಲ್ಲ ಗಡಿಬಿಡಿಯಲ್ಲಿ ಮುಗಿಸಿ ಅತ್ತೆಯ ಬಾಣಲೆಗೆ ಬಂದುಬಿಟ್ಟೆ. ಅಲ್ಲಿಯವರೆಗೆ ಗಡಿಯಾರ ನೋಡುತ್ತಿದ್ದ ಅಧ್ಯಕ್ಷೆ ಬಾಣಲೆ ಎಂದೊಡನೆ ನೆಟ್ಟಗೆ ಕುಳಿತರು.

ಅತ್ತೆ ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದವರು. ಎಪ್ಪತ್ತರ ದಶಕದ ಆ ಮನೆಯಲ್ಲಿ ಯಾರಿಗೆ ಯಾವ ಬೇನೆ ಬಂದರೂ ಅವರು ಮೊದಲು ಕಡಲೆಹಿಟ್ಟು ಕಲಸುತ್ತಿದ್ದರು. ಬಿಸಿಬಿಸಿ ಮಿರ್ಚಿ ಭಜಿಯ ತಾಟನ್ನು ರೋಗಿಯ ಮುಂದೆ ಹಿಡಿದು, ಮಾತಾಡದೆ ಅವನ ಕೈಯನ್ನೇ ನೋಡುವುದು. ಕೈ ಮುಂದೆ ಬಂತೋ, ಬೇನೆ ಸುಳ್ಳು. ಗಣಿತದ ಪರೀಕ್ಷೆಯ ದಿನ ನನಗೆ ತಪ್ಪದೆ ಬರುತ್ತಿದ್ದ ಹೊಟ್ಟೆನೋವು ಆ ತಾಟಿನೆದುರು ಒಮ್ಮೆಯೂ ಉಳಿಯಲಿಲ್ಲ. "ತಿಂದು ಸಾಲಿಗೆ ನಡಿ" ಎನ್ನುವುದೇ ಚಿಕಿತ್ಸೆ. ಸ್ಟೆತೊಸ್ಕೋಪಿಗೆ ಎದೆಬಡಿತ ಕೇಳಿಸೀತು, ಕಳ್ಳಾಟ ಕೇಳಿಸುವುದಿಲ್ಲ.

ಅಪ್ಪ ನನಗೆ ತದ್ವಿರುದ್ಧ. ಹೈಸ್ಕೂಲು ಮಾಸ್ತರು; ಜ್ವರ ಬಂದರೂ ಪಾಠ ಮಾಡಿ, ಆರೋಗ್ಯ ವಿಚಾರಿಸಿದವರನ್ನೇ ಗದರುವವರು. ಒಂದು ಸಂಜೆ ಅತ್ತೆ ಎಲ್ಲರಿಗೂ ಭಜಿ ಕರಿದು ತಂದಾಗ ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದರು.

"ಬ್ಯಾಡಕ್ಕ, ಹಸಿವಿಲ್ಲ."

ಅತ್ತೆ ಒಲೆಯ ಕಟ್ಟಿಗೆ ಹಿಂದಕ್ಕೆಳೆದರು. "ಏಳು ತಮ್ಮಾ, ಗದಗಕ್ಕ ಹೋಗೂಣು."

"ಯಾಕ? ನನಗೇನಾಗೇತಿ?"

"ಏನಾಗೇತಿ ಅಂತ ಡಾಕ್ಟರ್ ಹೇಳ್ತಾರ. ಏನೋ ಆಗೇತಿ ಅಂತ ನಾ ಹೇಳ್ತೀನಿ."

ಬಸ್ಸಿನಲ್ಲಿ ಅಪ್ಪ ಒಂದೇ ಸಮನೆ ಜಗಳವಾಡಿದರು. ಡಂಬಳ ದಾಟುವಷ್ಟರಲ್ಲಿ ಜಗಳಕ್ಕೂ ತ್ರಾಣ ಉಳಿಯಲಿಲ್ಲ. ಗದಗಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್ ಒಡೆಯುವುದರಲ್ಲಿದೆ ಎಂದು ಆಗಲೇ ಆಪರೇಷನ್ ಮಾಡಿದರು. ತಡವಾಗಿದ್ದರೆ ಅಪ್ಪ ನಮಗೆ ಉಳಿಯುತ್ತಿರಲಿಲ್ಲ. ನಾನು ಎಷ್ಟು ಹೆದರಿದ್ದೆನೆಂದರೆ, ಗಣಿತವನ್ನೂ ಓದುತ್ತೇನೆಂದು ದೇವರಿಗೆ ಹರಕೆ ಹೊತ್ತಿದ್ದೆ.

ಕೆಲವು ದಿನಗಳ ಮೇಲೆ ಅಪ್ಪ ಮನೆಗೆ ಬಂದರು. ಕರಿದ ಪದಾರ್ಥ ಮುಟ್ಟಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಆದರೂ ಮರುದಿನವೇ ಅತ್ತೆ ಭಜಿ ಕರಿದು ಅಪ್ಪನ ಮುಂದೆ ಹಿಡಿದರು. ಅಪ್ಪನ ಕೈ ತಾನಾಗಿಯೇ ಮುಂದೆ ಬಂತು. ಅತ್ತೆ ಆ ಕೈಗೊಂದು ಪೆಟ್ಟು ಕೊಟ್ಟರು.

"ನೀ ತಿನ್ನಾಕ ಅಲ್ಲೋ. ನಾ ನೋಡಾಕ ಮಾಡೀನಿ."

ಹಾಗೆಂದವರೇ ಅಲ್ಲೇ ಗೋಡೆಗೊರಗಿ ಕುಳಿತು, ತಾಟಿನಲ್ಲಿದ್ದ ಭಜಿಗಳನ್ನೆಲ್ಲ ಒಬ್ಬರೇ ಗಬಗಬನೆ ತಿನ್ನತೊಡಗಿದರು. ಆಗ ನಮಗೆ ಹೊಳೆಯಿತು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಅತ್ತೆ ಸರಿಯಾಗಿ ಊಟಕ್ಕೆ ಕುಳಿತದ್ದನ್ನು ನಾವಾರೂ ನೋಡಿರಲಿಲ್ಲ. ಅವರ ಮುಂದೊಂದು ತಾಟು ಹಿಡಿದು ನೋಡುವ ಉಪಾಯವನ್ನು ಮಾತ್ರ ನಮ್ಮ ಮನೆಯ ಗಂಡಸರಲ್ಲಿ ಒಬ್ಬರೂ ಕಂಡುಹಿಡಿದಿರಲಿಲ್ಲ.