ಗಡಹಿಂಗ್ಲಜಕ್ಕೆ ಹೋಗುವ ಮುನ್ನ ಒಂದು ಸೂಜಿ

ಕೊಲ್ಹಾಪುರದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಮೊದಲ ಬೆಳಗು. ನನ್ನ ಹೆಂಡತಿ ಸುಭದ್ರೆ ಒಲೆ ಹಚ್ಚಲು ಕುಳಿತಿದ್ದಳು. ಮನೆಯೊಡತಿ ಬಾಗಿಲು ತಟ್ಟದೆ ಒಳಗೆ ಬಂದರು. ಕೈಯಲ್ಲಿದ್ದ ಕೋಲಿನಿಂದ ಅಡುಗೆಮನೆಯ ನಾಲ್ಕೂ ಮೂಲೆಗಳನ್ನು ತಿವಿದರು, ಕಾಳಿನ ಡಬ್ಬಿಗಳನ್ನು ಸರಿಸಿದರು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಮೂಸಿದರು.

“ಮೊದಲ ಮೂಲಿ ನೋಡಬೇಕ ತಂಗಿ, ಆಮ್ಯಾಲ ಒಲಿ ಹಚ್ಚಬೇಕ. ಇಲಿ ಬಿದ್ದಿತ್ತಂದ್ರ ಕೈಲೆ ಮುಟ್ಟಬ್ಯಾಡ. ನನ್ನ ಕರಿ.”

ಸುಭದ್ರೆ ಮಾಡಿನತ್ತ ನೋಡಿದಳು. “ಎಲ್ಲಿಂದ ಬೀಳ್ತದೆ?”

“ಮ್ಯಾಲಿಂದ ಅಲ್ಲವ್ವಾ. ಪ್ಲೇಗ ಬಂದ್ರ ಇಲಿ ತಾವ ಸತ್ತ ಬೀಳತಾವ. ಅವು ಬಿದ್ದ ಮ್ಯಾಲ ಮಂದಿ ಬೀಳತಾರ.”

ಕರಾವಳಿಯ ನಮ್ಮೂರು ಕುಮಟೆಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಎದ್ದೊಡನೆ ಅಂಗಳಕ್ಕೆ ನೀರು ಹಾಕುತ್ತಾರೆ. ಇಲ್ಲಿ ಎದ್ದೊಡನೆ, ಸಾವು ಮನೆಯೊಳಗೆ ಬಂದಿದೆಯೇ ಎಂದು ಮೂಲೆ ನೋಡುತ್ತಾರೆ. ಹಾಗೆ ನೋಡಿ ಏನೂ ಕಾಣದಿದ್ದರೆ ಮುಖ ತೊಳೆದು, ನಿನ್ನೆಯ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಆ ನಿರಾಳತೆಯೇ ನನ್ನನ್ನು ಹೆಚ್ಚು ಹೆದರಿಸಿತು.

ನಾನು ಈ ಊರಿಗೆ ಬಂದದ್ದು ಶಾಸನಗಳ ಅಚ್ಚು ತೆಗೆಯುವ ಕೆಲಸಕ್ಕೆ. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಗಟ್ಟಿ ಬ್ರಶ್ಶಿನಿಂದ ಬಡಿದು ಅಕ್ಷರಗಳ ಗುಳಿಗಳೊಳಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಬರಹ ಬಿಳಿಯಾಗಿ ಏಳುತ್ತದೆ. ಇಲ್ಲಿ ಬೀದಿಯ ಮಾತು ಮರಾಠಿ, ಹೊಲಗಳಲ್ಲಿ ನಿಂತ ಕಲ್ಲುಗಳ ಮಾತು ಹಳಗನ್ನಡ. ಮನೆಯೊಡತಿ ಪದ್ಮಕ್ಕನ ಕನ್ನಡ ಮೊದಲ ತಿಂಗಳು ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ನಮ್ಮ ಕನ್ನಡ ಕೇಳಿ ಅವರು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಅನ್ನ ಮೀನಿನ ಊಟಕ್ಕೆ ಒಗ್ಗಿದ್ದ ನಾವು ಜೈನರ ಮನೆಯ ಆವರಣದಲ್ಲಿ ಮೀನನ್ನು ಮರೆತೆವು. ಜೋಳದ ಭಾಕರಿ ಬಡಿಯಲು ಸುಭದ್ರೆ ಕಲಿತ ದಿನ ಪದ್ಮಕ್ಕ ಅದನ್ನು ಬೀದಿಗೆಲ್ಲ ತೋರಿಸಿ ಬಂದರು.

ಆದರೆ ಬಂದ ವರ್ಷವೇ ನಮಗೊಂದು ನಷ್ಟವಾಯಿತು. ಸುಭದ್ರೆ ನಾಲ್ಕು ತಿಂಗಳ ಗರ್ಭಿಣಿಯಾಗಿದ್ದಾಗ ಜ್ವರ ಬಂತು. ಮೂರು ದಿನದ ಜ್ವರ. ಜ್ವರ ಇಳಿಯುವಷ್ಟರಲ್ಲಿ ಕೂಸು ಹೋಗಿತ್ತು. ಅಂದಿನಿಂದ ಅವಳ ಮೈ ಸ್ವಲ್ಪ ಬೆಚ್ಚಗಾದರೂ ನನ್ನ ಕೈ ತಣ್ಣಗಾಗುತ್ತಿತ್ತು.

ಮುಂದಿನ ಕಾರ್ತಿಕದಲ್ಲಿ ಅವಳಿಗೆ ಮತ್ತೆ ಐದು ತಿಂಗಳು ತುಂಬಿತ್ತು. ಕಾಲವನ್ನು ಖಚಿತವಾಗಿ ಹೇಳುವುದಾದರೆ, ಯೂರೋಪಿನಲ್ಲಿ ಎರಡನೆಯ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ಕಾರ್ತಿಕ. ಕೊಲ್ಹಾಪುರದ ದಕ್ಷಿಣಕ್ಕಿರುವ ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳ ಕಲ್ಲುಗಳನ್ನು ಆ ಬೇಸಗೆಯೊಳಗೆ ಮುಗಿಸಬೇಕೆಂದು ನನಗೆ ಆದೇಶ ಬಂತು. ನಾಲ್ಕು ತಿಂಗಳು ಅಲ್ಲೇ ಇರಬೇಕು. ಒಲ್ಲೆನೆಂದರೆ ಕೆಲಸ ಬಿಟ್ಟು ಕುಮಟೆಗೆ ಮರಳಬೇಕು. ಸುಭದ್ರೆಯ ತಾಯಿ ತೀರಿಹೋಗಿದ್ದರು, ಘಟ್ಟವಿಳಿಯುವ ಪ್ರಯಾಣ ಆ ಸ್ಥಿತಿಯಲ್ಲಿ ಆಗದು. ಹಿಂದಿನ ಜ್ವರ ಕಂಡ ಮೇಲೆ ಅವಳನ್ನು ನಾಲ್ಕು ತಿಂಗಳು ಇಲ್ಲಿ ಒಬ್ಬಳೇ ಬಿಡಲಾರೆ. ಆದ್ದರಿಂದ ನನ್ನೊಡನೆ ಅವಳೂ ಬರಬೇಕಿತ್ತು. ಅದೇ ವಾರ ಗಡಹಿಂಗ್ಲಜದ ಪರಿಚಿತರೊಬ್ಬರ ಪತ್ರ ಬಂತು. ಕೊನೆಯಲ್ಲಿ ಒಂದೇ ಸಾಲು: ಈ ಕಡೆ ಕೆಲವು ಹಳ್ಳಿಗಳಲ್ಲಿ ಇಲಿ ಬಿದ್ದಿವೆ.

ದವಾಖಾನೆಯ ಡಾಕ್ಟರರು ಮರಾಠಿಯವರು, ಮಿತಭಾಷಿ. ಪ್ಲೇಗಿಗೆ ಲಸಿಕೆಯಿದೆ, ಆದರೆ “ಸಕ್ತಿ ನಾಹಿ” ಎಂದರು. ಸಕ್ತಿಯೆಂದರೆ ಇಲ್ಲಿ ಬಲವಂತ. ಹಾಕಿಸಿಕೊಳ್ಳುವುದು ಬಿಡುವುದು ನಮ್ಮ ಇಷ್ಟ. ಹಾಕಿಸಿಕೊಂಡರೆ ಎರಡು ಮೂರು ದಿನ ಜ್ವರ ಬರಬಹುದು, ತೋಳು ಬಾತುಕೊಳ್ಳಬಹುದು. ಮೈಗೆ ರಕ್ಷಣೆ ಕೂಡಿಬರಲು ಹತ್ತು ದಿನ ಬೇಕು. ಗರ್ಭಿಣಿಗೆ ಆ ಜ್ವರದಿಂದ ಅಪಾಯವಿಲ್ಲವೇ ಎಂದು ಕೇಳಿದೆ. ಅವರು, “ಇಲ್ಲವೆಂದು ನಾನು ಬರೆದುಕೊಡಲಾರೆ. ಪ್ಲೇಗಿನ ಜ್ವರ ಮಾತ್ರ ಇದಕ್ಕಿಂತ ದೊಡ್ಡದು” ಎಂದರು.

ನಾನು ಮನೆಗೆ ಬಂದು ಒಂದು ಪಟ್ಟಿ ಮಾಡಲು ಕುಳಿತೆ. ಯಾವ ಹಳ್ಳಿಯಲ್ಲಿ ಇಲಿ ಬಿತ್ತು, ಎಂದು ಬಿತ್ತು, ಹೇಳಿದವರು ಕಣ್ಣಾರೆ ಕಂಡವರೇ ಕೇಳಿದವರೇ, ಪತ್ರದೊಳಗಿನ ತಾರೀಖು ಅಂಚೆಯ ಮುದ್ರೆಗೆ ಹೊಂದುತ್ತದೆಯೇ. ಒಂದೇ ಸಾಕ್ಷಿಯನ್ನು ನಂಬಿ ಕಾಲನಿರ್ಣಯ ಮಾಡಬಾರದೆಂಬುದು ನನ್ನ ಕಸುಬು ಕಲಿಸಿದ ಪಾಠ. ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾದರೆ ಸೂಜಿಯ ಅಗತ್ಯವೂ ಗೊತ್ತಾಗುತ್ತದೆ ಎಂದುಕೊಂಡೆ. ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರ ಬಂತು. ಎರಡೂ ಒಂದಕ್ಕೊಂದು ವಿರುದ್ಧವಾಗಿದ್ದವು. ರಕ್ಷಣೆ ಕೂಡಿಬರಲು ಬೇಕಾದ ಹತ್ತು ದಿನ ನನ್ನ ಲೇಖನಿಯ ಕೆಳಗೇ ಕರಗುತ್ತಿತ್ತು. ನನಗದು ಕಾಣಲಿಲ್ಲ.

ಒಂದು ಸಂಜೆ ಪದ್ಮಕ್ಕ ಹೊಸ್ತಿಲಲ್ಲಿ ಕುಳಿತು ಕಾಳು ಆರಿಸುತ್ತ ಕೇಳಿದರು. “ಆ ಸೂಜಿ ಔಷಧದಾಗ ಏನ ಹಾಕ್ಯಾರ ಅಂತ ಕೇಳಿದ್ರೇನ್ರಿ ರಾಯರ?”

“ಕೇಳಿದೆ ಪದ್ಮಕ್ಕ. ಸತ್ತ ಪ್ಲೇಗಿನ ಕ್ರಿಮಿಗಳಂತೆ.”

“ಸಾಯೂಕಿಂತ ಮೊದಲ ಅವು ಉಪಾಸ ಇದ್ವೇನ? ಏನ ತಿನ್ನಿಸಿ ಬೆಳಸ್ಯಾರ?”

“ಅದು ತಮಗೆ ಗೊತ್ತಿಲ್ಲ ಎಂದರು.”

“ಮಾಂಸದ ಸಾರು ಅಂತಾರ ಮಂದಿ. ಖರೇನೋ ಸುಳ್ಳೋ. ನಾ ಹೊತ್ತ ಮುಳುಗಿದ ಮ್ಯಾಲ ನೀರ ಸೈತ ಮುಟ್ಟದಾಕಿ. ನನಗ ಅದು ಆಗೂದಿಲ್ರಿ.”

ಆಮೇಲೆ ಅವರು ತಮ್ಮ ತವರಿನ ಮಾತು ತೆಗೆದರು. ತವರು ಇಚಲಕರಂಜಿ, ಮನೆಯಲ್ಲಿ ಕೈಮಗ್ಗಗಳಿದ್ದವು. ಅವರು ಸಣ್ಣವರಿದ್ದಾಗ ಇಲಿ ಬಿದ್ದು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಯಿತು. ಅವರ ಅಣ್ಣ ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಮುಗಿಸಿಯೇ ಬರುತ್ತೇನೆಂದು ಹಿಂದೆ ಉಳಿದ.

“ಇನ್ನ ಎರಡ ದಿನದ ಕೆಲಸ ಐತಿ ಅಂದ. ಎರಡೂ ದಿನ ನೇಯ್ದ. ಮೂರನೇ ದಿನ ಜ್ವರ ಬಂತು. ಸೀರಿ ಪೂರಾ ಆಗಿತ್ತು ರಾಯರ, ಹೊದಿಸಾಕ ಬಂತು.”

ಒಳಗಿಂದ ಸುಭದ್ರೆ ಹೇಳಿದಳು: “ಇವರ ಪಟ್ಟಿಯೂ ಹಾಗೇ ಪದ್ಮಕ್ಕ. ಅದು ಮುಗಿಯೋ ಹೊತ್ತಿಗೆ ಕೂಸಿಗೆ ಮುಂಜಿಯೇ ಆಗ್ತದೆ.”

ನಾನು ನಕ್ಕೆ. ಆದರೆ ಪಟ್ಟಿ ಬಿಡಲಿಲ್ಲ. ಪರಸ್ಪರ ವಿರುದ್ಧವಾದ ಆ ಎರಡು ಪತ್ರಗಳನ್ನು ತಾಳೆ ನೋಡಲು ಸ್ವತಃ ಹೋಗಿಬರುವುದೇ ದಾರಿಯೆಂದು ಸೋಮವಾರ ಬೆಳಿಗ್ಗೆ ಗಡಹಿಂಗ್ಲಜದ ಮೋಟಾರು ಹತ್ತಿದೆ. ಪ್ಲೇಗಿಗೆ ಹೆದರಿದವನು ಪ್ಲೇಗಿನ ತಾರೀಖು ಕೇಳಲು ಸೂಜಿಯಿಲ್ಲದೆ ಪ್ಲೇಗಿನ ಊರಿಗೇ ಹೊರಟಿದ್ದೆ. ಅಂಥ ತಪ್ಪು ಮಾಡಲು ಬಹಳ ಓದಿರಬೇಕು.

ಗಡಹಿಂಗ್ಲಜದಿಂದ ನಡೆದು ಹೋದ ಮೊದಲ ಹಳ್ಳಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ದನದ ಕೊಟ್ಟಿಗೆಗಳು ಬರಿದು. ನನ್ನ ಹೆಜ್ಜೆಯ ಸದ್ದು ಎದುರು ಗೋಡೆಗೆ ಬಡಿದು ನನಗೇ ಕೇಳುತ್ತಿತ್ತು. ಊರಾಚೆ ಹೊಲದಲ್ಲಿ ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಗುಡಿಸಲುಗಳು, ಹೊಗೆ, ಮಕ್ಕಳ ಗದ್ದಲ. ಅಲ್ಲಿಯ ಮುದುಕರೊಬ್ಬರು ಕಂಬಳಿ ಹಾಸಿ ಕೂರಿಸಿ, “ಇಲಿ ಎಂದು ಬಿದ್ದಾವ ಅಂತ ಕೇಳಾಕ ಬಂದೀರೇನ? ನಾವು ಯಾಂವ ಎಂದ ಸತ್ತ ಅನ್ನೂದ ಬರದಿಟ್ಟಿಲ್ಲರಿ” ಎಂದರು. ಆ ಎರಡು ರಾತ್ರಿ ನಾನು ಗಡಹಿಂಗ್ಲಜದ ಧರ್ಮಶಾಲೆಯಲ್ಲಿ, ನನ್ನ ಕಂಬಳಿ ಹೊದ್ದು, ಕಣ್ಣು ಮುಚ್ಚದೆ ಕಳೆದೆ. ಮೈಮೇಲೆ ಏನು ಹರಿದರೂ ಚಿಗಟ ಎನಿಸುತ್ತಿತ್ತು.

ಬುಧವಾರ ಸಂಜೆ ಮನೆ ಸೇರಿದಾಗ ಒಲೆ ಹಚ್ಚಿರಲಿಲ್ಲ. ಸುಭದ್ರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಣೆ ಮುಟ್ಟಿದೆ, ಕೈ ಹಿಂತೆಗೆಯುವಷ್ಟು ಸುಡುತ್ತಿತ್ತು.

“ಕಂಕುಳಲ್ಲಿ ಗಂಟು ಉಂಟಾ?” ಎಂದೆ.

“ಉಂಟು. ಮುಟ್ಟಬೇಡಿ, ನೋಯ್ತದೆ.”

ಪ್ಲೇಗಿನ ಗಂಟು ಎಲ್ಲಿ ಏಳುತ್ತದೆಂದು ಈ ಊರಿನ ಮಕ್ಕಳಿಗೂ ಗೊತ್ತು. ನಾನು ಹೋಗಿದ್ದು ಮೊನ್ನೆ, ಬಂದದ್ದು ಈಗ. ನನ್ನಿಂದ ಅವಳಿಗೆ ತಗುಲಲು ಸಮಯವೇ ಸಾಲದು. ತಾರೀಖುಗಳಲ್ಲೇ ಆಯುಷ್ಯ ಕಳೆದವನಿಗೆ ಆ ಸರಳ ಲೆಕ್ಕ ಹೊಳೆಯಲಿಲ್ಲ. ಹೆಗಲ ಮೇಲಿದ್ದ ಕಂಬಳಿಯ ಸುರುಳಿಯನ್ನು ಅಂಗಳಕ್ಕೆ ಎಸೆದು, ಚಿಮಣಿ ಎಣ್ಣೆ ಸುರಿದು, ಕಡ್ಡಿ ಗೀರಿದೆ.

ಆಚೆಯಿಂದ ಪದ್ಮಕ್ಕ ಓಡಿಬಂದರು. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕುಳಿತಿದ್ದವರ ಕೈ ಇನ್ನೂ ಎಂಜಲಾಗಿತ್ತು.

“ರಾಯರ, ಹೊಸಾ ಕಂಬಳಿ ಯಾಕ ಸುಡಾಕತ್ತೀರಿ?”

“ಸುಭದ್ರೆಗೆ… ಗಂಟು…”

“ಆಕಿ ಸೂಜಿ ಹಾಕಿಸಿಕೊಂಡಾಳ. ನಾನ ಕರಕೊಂಡ ಹೋಗೇನಿ. ಜ್ವರ ಬರತೈತಿ, ಬಗಲಾಗ ಬಾವು ಬರತೈತಿ, ಹೆದರಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ. ಆಕಿ ನಿಮಗ ಹೇಳಲಿಲ್ಲೇನ?”

ಒಳಗಿಂದ ಸುಭದ್ರೆ ಅಂದಳು: “ಗಂಟು ಉಂಟಾ ಅಂತ ಮಾತ್ರ ಕೇಳಿದ್ರು.”

ಕಂಬಳಿಯೊಳಗೆ ಸುತ್ತಿಟ್ಟಿದ್ದ ನನ್ನ ಪಟ್ಟಿಯೂ ಅದರೊಂದಿಗೆ ಉರಿಯುತ್ತಿತ್ತು. ನಾನು ಅದನ್ನು ಎತ್ತಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ಅದೇ ಲಸಿಕೆಯನ್ನು ಒಲ್ಲೆನೆಂದವರು ಇವಳನ್ನು ಹೇಗೆ ಕರೆದೊಯ್ದಿರಿ ಎಂದು ಪದ್ಮಕ್ಕನನ್ನು ಕೇಳಿದೆ.

“ನನ್ನ ವ್ರತ ನನಗರಿ. ಆಕಿ ಹೊಟ್ಟ್ಯಾಗಿನ ಕೂಸ ಏನ ವ್ರತ ಹಿಡದೈತಿ?”

ಆದರೆ ಹೆದರಿಕೆ ಮುಗಿದಿರಲಿಲ್ಲ. ಅದರ ಹೆಸರಷ್ಟೇ ಬದಲಾಗಿತ್ತು. ಜ್ವರ ಜ್ವರವೇ. ಹಿಂದಿನ ಕೂಸನ್ನು ಒಯ್ದದ್ದೂ ಮೂರು ದಿನದ ಜ್ವರವೇ. ಸುಭದ್ರೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಬೆಳಗಿಂದ ಅಲುಗಿಲ್ಲ.” ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತೆ. ಹಾಕಿಸದಿದ್ದರೆ ಒಂದು ಭಯ, ಹಾಕಿಸಿದ ಮೇಲೆ ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ತೀರ್ಮಾನಿಸುವ ಭಾರವನ್ನು ನಾನು ಪತ್ರಗಳ ಮೇಲೆ ಹೊರಿಸಿದ್ದೆ, ಅವಳು ತನ್ನ ತೋಳಿನ ಮೇಲೆ ಹೊತ್ತಿದ್ದಳು. ಗುರುವಾರ ಬೆಳಿಗ್ಗೆ ಪದ್ಮಕ್ಕ ಕೋಲು ಹಿಡಿದು ಎಂದಿನಂತೆ ಬಂದು ಮೂಲೆಗಳನ್ನು ತಿವಿದರು. ಏನೂ ಇರಲಿಲ್ಲ. ಜ್ವರ ಇಳಿಯುತ್ತಿತ್ತು. ಕಾಯಿಸಿ ಸೋಸಿದ ನೀರಲ್ಲಿ ಬೆಲ್ಲ ಕದಡಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಸುಭದ್ರೆ ನನ್ನ ಕೈಯನ್ನು ತಾನೇ ಎಳೆದು ಹೊಟ್ಟೆಯ ಎಡಕ್ಕೆ ಒತ್ತಿದಳು. ಒಳಗಿನಿಂದ ಯಾರೋ ಒದ್ದರು.

ಮರುದಿನ ದವಾಖಾನೆಗೆ ಹೋಗಿ ಎಡತೋಳು ಚಾಚಿದೆ. ಬಲಗೈ ಕಾಗದ ಬಡಿಯಲು ಬೇಕಿತ್ತು. ಜ್ವರ ನನಗೂ ಬಂತು. ಮೂರು ದಿನ ನಾನು ನರಳಿದ್ದನ್ನು ಸುಭದ್ರೆ ಕೊನೆಯವರೆಗೂ ಹಂಗಿಸುತ್ತಿದ್ದಳು. ಹತ್ತು ದಿನ ಎಣಿಸಿ ಗಡಹಿಂಗ್ಲಜಕ್ಕೆ ಹೊರಟೆವು. ಆ ಚಳಿಗಾಲ ನಾನು ಜನರಿಲ್ಲದ ಊರುಗಳಲ್ಲಿ ಕಲ್ಲುಗಳ ಮುಂದೆ ಒಬ್ಬನೇ ಕುಳಿತು ಕಾಗದ ಬಡಿದೆ. ಆ ಸದ್ದು ಬಿಟ್ಟರೆ ಊರಲ್ಲಿ ಬೇರೆ ಸದ್ದಿರಲಿಲ್ಲ. ಫಾಲ್ಗುಣದಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಗಡಹಿಂಗ್ಲಜಕ್ಕೆ ಬಂದವರು ಪದ್ಮಕ್ಕ. ಸೂಜಿಯಿಲ್ಲದ ತೋಳು, ಕೈಯಲ್ಲಿ ನೀರು ಸೋಸುವ ಬಟ್ಟೆ. ಅವರು ತಿರುಗಿ ಕೊಲ್ಹಾಪುರ ಸೇರಿದ ಪತ್ರ ಬರುವವರೆಗೆ ನಮ್ಮಿಬ್ಬರಿಗೂ ನಿದ್ದೆಯಿರಲಿಲ್ಲ.

ಇಂದು ಸುಭದ್ರೆ ಇಲ್ಲ. ಮಗಳು ಪದ್ಮಕ್ಕನ ಕನ್ನಡವನ್ನೇ ಆಡುತ್ತಾಳೆ, ನನ್ನ ಕನ್ನಡಕ್ಕೆ ನಗುತ್ತಾಳೆ. ಇದನ್ನು ಬರೆಯುವ ಮುನ್ನ ವಾರಗಳನ್ನು ತಾಳೆ ನೋಡಲೆಂದು ದವಾಖಾನೆಯ ಎರಡು ಚೀಟಿಗಳನ್ನು ಹೊರತೆಗೆದೆ. ಸುಭದ್ರೆ ಮಂಗಳವಾರ ಸೂಜಿ ಹಾಕಿಸಿಕೊಂಡಳೆಂದು ನನ್ನ ದಿನಚರಿಯಲ್ಲಿದೆ. ನಾನು ಅದನ್ನು ಇಷ್ಟು ವರ್ಷ ನಂಬಿದ್ದೆ. ಚೀಟಿಯಲ್ಲಿರುವುದು ಸೋಮವಾರ. ದವಾಖಾನೆ ಬೆಳಿಗ್ಗೆ ಮಾತ್ರ ತೆರೆಯುತ್ತಿತ್ತು, ನನ್ನ ಮೋಟಾರು ಹೊರಟದ್ದೂ ಬೆಳಿಗ್ಗೆಯೇ. ಅಂದರೆ ನಾನು ಪಟ್ಟಿ ಮಾಡುತ್ತ ಕುಳಿತಿದ್ದಾಗಲೇ ಅವಳು ನಿಶ್ಚಯಿಸಿಯಾಗಿತ್ತು. ನಾನು ಹೊರಡುವುದನ್ನಷ್ಟೇ ಕಾದಿದ್ದಳು. ಜ್ವರದ ಮೊದಲ ಎರಡು ರಾತ್ರಿಗಳನ್ನು ನಾನಿಲ್ಲದೆ ಕಳೆದಿದ್ದಳು.

ಆ ಚೀಟಿಗಳಲ್ಲಿ ಹೆಸರು, ಊರು ಎಂಬ ಎರಡು ಸಾಲುಗಳನ್ನು ಬರೆಯಬಲ್ಲವರು ತಾವೇ ತುಂಬಬೇಕಿತ್ತು. ನನ್ನದರಲ್ಲಿ ಊರು ಕುಮಟಾ. ಅವಳದರಲ್ಲಿ, ದುಂಡನೆಯ ಕನ್ನಡ ಅಕ್ಷರಗಳಲ್ಲಿ, ಕೊಲ್ಹಾಪುರ. ಅವಳನ್ನು ಕೇಳುವ ಕಾಲ ಮುಗಿದಿದೆ. ಒಂದೇ ಮನೆತನದ ಎರಡು ದಾಖಲೆಗಳು ಒಂದಕ್ಕೊಂದು ವಿರುದ್ಧವಾಗಿ ನುಡಿದರೆ, ಕಾಲದಲ್ಲಿ ಹಿಂದಿನದನ್ನು ನಂಬುವುದು ನನ್ನ ಪದ್ಧತಿ. ಅವಳ ಚೀಟಿ ನನ್ನದಕ್ಕಿಂತ ನಾಲ್ಕು ದಿನ ಹಿಂದಿನದು. ಆ ಪ್ರಕಾರ ನಾವು ಕೊಲ್ಹಾಪುರದವರು. ನನ್ನ ಚೀಟಿಯನ್ನು ಮಾತ್ರ ನಾನಿನ್ನೂ ತಿದ್ದಿಲ್ಲ.