ಬೈಕಲ್ಲಿ ಬಂದ ಬ್ಯಾಟನ್

ಗೆಳೆಯರೇ, ಇವತ್ತು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ರಿಲೇ ಓಟ. ನಾವು ಗುಂಡ್ಲುಪೇಟೆಯವರು, ಎದುರಾಳಿ ಹರದನಹಳ್ಳಿಯವರು. ತೆರಕಣಾಂಬಿಯಲ್ಲಿ ಬ್ಯಾಟನ್‌ಗೆ ಕೈ ಚಾಚಿ ನಿಂತಿದ್ದೆ. ಹರದನಹಳ್ಳಿಯವನು ಏದುಸಿರು ಬಿಡುತ್ತಾ ಬಂದ, ತನ್ನ ತಂಡದವನಿಗೆ ಬ್ಯಾಟನ್ ದಾಟಿಸಿದ, ಎರಡು ಬಾಳೆಹಣ್ಣು ತಿಂದೂ ಮುಗಿಸಿದ. ಆಮೇಲೆ ಬಂದ ನಮ್ಮ ಮಾದೇಶ, ಬೈಕಿನ ಹಿಂದಿನ ಸೀಟಲ್ಲಿ ಕೂತು!

“ಥೂ, ನೀ ಓಡಕ್ಕೆ ತಾನೇನ್ಲಾ ಬಂದಿದ್ದು?”

“ನಮ್ ಭಾವ ಬೈಕ್ ನಿಲ್ಸಿ ಹತ್ತ್ಲಾ ಅಂದ್ರು. ಬ್ಯಾಡ ಅಂದ್ರೆ ಬೇಜಾರ್ ಮಾಡ್ಕತರೆ ಕಣ್ಲಾ.”

“ಬೈಕಲ್ಲಿ ಬಂದೂ ಇಷ್ಟು ಲೇಟಾ?”

“ಟೀ ಕುಡ್ದು ಓಗನ ಅಂದ್ರು. ಅದ್ಕೂ ಬ್ಯಾಡ ಅನ್ನಕಾದದಾ?”

ಮೋಸ ಮಾಡಿಯೂ ಸೋತ ತಂಡವನ್ನು ಕಣ್ಣಾರೆ ನೋಡಬೇಕಿದ್ದರೆ ಗುಂಡ್ಲುಪೇಟೆಗೆ ಬನ್ನಿ. ಬಸ್ ಸ್ಟ್ಯಾಂಡಿಂದ ಮಾದೇಶನ ಭಾವನೇ ಡ್ರಾಪ್ ಕೊಡುತ್ತಾರೆ, ಟೀ ಕುಡಿಸಿ.