ನನ್ನ ಕಿವಿಯೊಳಗಿನ ಹೂಬತ್ತಿ

ನನ್ನ ತಮ್ಮ ವೀರೇಶ ವೇದಿಕೆ ಹತ್ತಿ ಗಿಟಾರ್ ಬಾರಿಸಿದ ದಿನ ನಾನು ಅವನೆದುರಿಗೇ, ಮೊದಲ ಸಾಲಿನಲ್ಲಿ ಕುಳಿತಿದ್ದೆ. ಆದರೆ ಕೇಳಲಿಲ್ಲ. ಎರಡೂ ಕಿವಿಗೆ ಹೂಬತ್ತಿ ಇಟ್ಟುಕೊಂಡಿದ್ದೆ — ದೇವರ ದೀಪಕ್ಕೆ ಹಾಕುವ ಹೂಬತ್ತಿ, ತುಪ್ಪದಲ್ಲಿ ನೆನೆಸಿದ್ದು. ಬರೆಯುವಾಗ ನಗು ಬರುತ್ತದೆ. ಮರುಗಳಿಗೆಗೇ... ಬೇಡ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಅದು ಕಬ್ಬಿಣದ ಅದಿರಿನ ಕಾಲ. ಹೊಸಪೇಟೆಯ ರಸ್ತೆ, ಮರ, ಬೀದಿನಾಯಿ, ನನ್ನ ಗಂಡನ ಬಿಳಿ ಅಂಗಿ — ಎಲ್ಲವೂ ಒಂದೇ ಕೆಂಪು. ಅವ್ವ ತೀರಿಕೊಂಡ ಮೇಲೆ ವೀರೇಶನನ್ನು ಬೆಳೆಸಿದವಳು ನಾನು. ಮದುವೆಯಾಗಿ ಬರುವಾಗ ಅವನನ್ನೂ ಕರೆದುಕೊಂಡೇ ಬಂದೆ. ಹಗಲು ಅವನಿಗೆ ಟಿಪ್ಪರ್ ರಿಪೇರಿಯ ಗ್ಯಾರೇಜಿನಲ್ಲಿ ಕೆಲಸ. ಸಂಜೆ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮೂವರು ಗೆಳೆಯರೊಂದಿಗೆ ಬಾರಿಸುತ್ತಿದ್ದ. ಎರಡು ಗಿಟಾರು, ಒಂದು ಕೀಬೋರ್ಡು, ಒಂದು ಡ್ರಮ್ಮು. ಹಾಡುವವರು ಯಾರೂ ಇಲ್ಲ.

"ಇದು ಬರೇ ಬಾರಿಸೋ ರಾಕ್, ಅಕ್ಕ. ಇದಕ್ಕ ಮಾತು ಬೇಕಾಗಂಗಿಲ್ಲ" ಎನ್ನುತ್ತಿದ್ದ.

ಅವರು ಶುರುಮಾಡಿದರೆ ಅಡುಗೆಮನೆಯ ತಟ್ಟೆಗಳು ತಾವಾಗಿಯೇ ನಡೆದು ಶೆಲ್ಫಿನ ಅಂಚಿಗೆ ಬರುತ್ತಿದ್ದವು. ನಾನು ಕಿವಿ ಮುಚ್ಚಿಕೊಂಡೇ ಓಡಾಡುತ್ತಿದ್ದೆ. ಅವನು ನೋಡಿಯೂ ನೋಡದಂತೆ ಇರುತ್ತಿದ್ದ — ಹಾಗೆಂದು ನಾನು ತಿಳಿದಿದ್ದೆ.

ಗಣಿ ಮಾಲೀಕರೊಬ್ಬರು ಮಗನ ಹುಟ್ಟುಹಬ್ಬಕ್ಕೆ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಇವರನ್ನು ಕರೆದರು. ಹಿಂದಿನ ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ವೀರೇಶ ಬಂದು ಒಲೆಯ ಪಕ್ಕ ಕುಳಿತ.

"ನಾಳೆ ಕಿವಿ ಮುಚ್ಕೋಬ್ಯಾಡಕ್ಕ. ಒಂದೇ ಒಂದು ದಿನ. ಪೂರಾ ಕೇಳು."

"ಕೇಳ್ತೀನಿ ಬಿಡಲೇ."

"ಹಂಗಲ್ಲ. ಆಣಿ ಮಾಡು."

ಹಿಟ್ಟಿನ ಕೈಯಿಂದಲೇ ಅವನ ತಲೆ ಮುಟ್ಟಿ ಆಣೆ ಮಾಡಿದೆ.

ಮರುದಿನ ನಾನು, ನಮ್ಮ ಅತ್ತೆ ಇಬ್ಬರೂ ಹೋದೆವು. ಅತ್ತೆಗೆ ಹದಿನೈದು ವರ್ಷದಿಂದ ಕಿವಿ ಮಂದ. ಊಟಕ್ಕೆ ಕರೆಯಬೇಕೆಂದರೆ ಭುಜ ಹಿಡಿದು ಅಲುಗಿಸಬೇಕು. ನಮ್ಮೆದುರಿಗೆ ಬೀರುವಿನಷ್ಟು ಎತ್ತರದ ಸ್ಪೀಕರುಗಳು. ಬಿಸಿಲು ಇನ್ನೂ ಇತ್ತು. ಡ್ರಮ್ಮಿನವನು ಮೊದಲ ಪೆಟ್ಟು ಹಾಕಿದ ಕೂಡಲೇ ಶಾಮಿಯಾನದ ಮೇಲೆ ಕುಳಿತಿದ್ದ ಅದಿರಿನ ಧೂಳೆಲ್ಲ ದೊಪ್ಪನೆ ನಮ್ಮ ತಲೆಯ ಮೇಲೆ ಬಿತ್ತು. ಗುಡ್ಡದಲ್ಲಿ ಬ್ಲಾಸ್ಟಿಂಗ್ ಮಾಡುವುದನ್ನು ದೂರದಿಂದ ಕೇಳಿದ್ದೆ. ಅದರೊಳಗೇ ಕುರ್ಚಿ ಹಾಕಿಕೊಂಡು ಕುಳಿತದ್ದು ಅದೇ ಮೊದಲು.

ಹಿಂದಿನ ಸಾಲಿನಲ್ಲಿ ಒಬ್ಬ ಕೂಗಿದ, "ಹಾಡೋನು ಎಲ್ಲದಾನಲೇ?"

"ಸಂಡೂರು ರೋಡಿನ್ಯಾಗ ಲಾರಿ ಹಿಂದ ಸಿಕ್ಕೊಂಡಿರಬೇಕು," ಇನ್ನೊಬ್ಬ ಇನ್ನೂ ಜೋರಾಗಿ ಕೂಗಿದ. "ನಾಳಿಗೆ ಬರ್ತಾನ, ಕುಂದ್ರು!"

ಎರಡು ಹಾಡು ಬಾರಿಸುವವರೆಗೆ ಹಲ್ಲು ಕಚ್ಚಿ ಕುಳಿತೆ. ಮೂರನೆಯದಕ್ಕೆ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಬೆಳಿಗ್ಗೆ ಹಂಪಿಯ ಗುಡಿಗೆ ಹೋಗಿ ಬಂದಿದ್ದೆ. ಡಬ್ಬಿಯಲ್ಲಿ ಎರಡು ಹೂಬತ್ತಿ ಉಳಿದಿದ್ದವು. ಕಿವಿಗೆಂದೇ ಮಾಡಿದಂತೆ ಕುಳಿತುಬಿಟ್ಟವು. ಮೇಲೆ ಸೆರಗು ಹೊದ್ದುಕೊಂಡೆ. ಆಹಾ — ಆ ಸುಖವನ್ನು ಸುಳ್ಳು ಎನ್ನಲಾರೆ. ಗುಡುಗು ದೂರದ ರೈಲಾಯಿತು. ಜನ ಚಪ್ಪಾಳೆ ಹೊಡೆದಾಗ ನೋಡಿಕೊಂಡು ನಾನೂ ಹೊಡೆದೆ.

ಆಮೇಲೆ ವೀರೇಶ ಮೈಕ್ ಹಿಡಿದು, ನನ್ನತ್ತ ನೋಡಿ ಏನೋ ಹೇಳಿದ. ನಾನು ನಕ್ಕು ತಲೆಯಾಡಿಸಿದೆ. ಅವನು ಕೈ ಎತ್ತಿ ಸನ್ನೆ ಮಾಡಿದ. ನಾನೂ ಕೈ ಎತ್ತಿ ಆಶೀರ್ವಾದ ಮಾಡಿದೆ. ಸುತ್ತ ಕುಳಿತವರೆಲ್ಲ ನನ್ನತ್ತ ತಿರುಗಿದರು. ಸೀರೆಯ ಮೇಲೆ ಧೂಳು ಬಿದ್ದಿರಬೇಕೆಂದು ಕೊಡವಿಕೊಂಡೆ. ಅತ್ತೆ ಪಕ್ಕೆಗೆ ತಿವಿದರು. ಹೊರಗೆ ಹೋಗಬೇಕಾಗಿದೆ ಏನೋ ಎಂದುಕೊಂಡು, ಸ್ವಲ್ಪ ತಡೆಯಿರಿ ಎಂದು ಕೈಸನ್ನೆ ಮಾಡಿದೆ. ಮತ್ತೆ ತಿವಿದರು. ಕಣ್ಣು ಬಿಟ್ಟು ಹೆದರಿಸಿದೆ. ವೀರೇಶ ತುಸು ಹೊತ್ತು ಕಾದ. ಆಮೇಲೆ ತಲೆ ತಗ್ಗಿಸಿ ಬಾರಿಸತೊಡಗಿದ. ಅತ್ತೆ ಕಣ್ಣೊರೆಸಿಕೊಂಡರು. ಧೂಳು, ಅಂದುಕೊಂಡೆ.

ಎಲ್ಲ ಮುಗಿದು, ನಾನು ಹೂಬತ್ತಿ ತೆಗೆದು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಅವನು ಬಂದ. ಬೆವರಿನಲ್ಲಿ ತೊಯ್ದಿದ್ದ.

"ಯಾಕಕ್ಕ, ಏಳಲೇ ಇಲ್ಲಲ್ಲ?"

"ಏಳೋದಾ?"

"ಎದ್ದು ನಿಲ್ಲಕ್ಕ ಅಂತ ಮೈಕಿನ್ಯಾಗ ಕರದೆ. ನೀ ರೊಟ್ಟಿ ಬಡೀತಾ ಗುನುಗ್ತೀಯಲ್ಲ, ಅದನ್ನ ಹಿಡಕೊಂಡು ನಾವು ಹೊಸಾದು ಕಟ್ಟೀವಿ. ರೊಟ್ಟಿ ಬಡದಂಗ ಅವ ಡ್ರಮ್ ಬಡದ. ಎಲ್ಲಾರಿಗೂ ನಿನ್ನ ತೋರಿಸಬೇಕಂತ..."

ಒಂದೇ ಮಾತು ಸಾಕಿತ್ತು — ಕೇಳಿಸಲಿಲ್ಲಪ್ಪ, ಎಂದಿದ್ದರೆ. ಆದರೆ ಅವನ ತಲೆ ಮುಟ್ಟಿದ್ದ ಕೈ ಇದು. ತುಪ್ಪ ಕಿವಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಸಿಕ್ಕಿಬೀಳುತ್ತೇನೆಂಬ ಗಾಬರಿಯಲ್ಲಿ ನಾನು ಹೇಳಿದ್ದು ಇದು:

"ಅಷ್ಟು ಮಂದಿ ಎದುರಿಗೆ ಏಳಾಕ ನನಗ ನಾಚಿಕಿ ಆತು. ಅದೇನು ಹೇಳ್ಕೊಳ್ಳೋವಂಥಾ ಹಾಡೇನೋ?"

"ಆತು ಬಿಡಕ್ಕ" ಎಂದ. ವೈರನ್ನು ಮೊಣಕೈಗೆ ಸುತ್ತುತ್ತ ನಿಂತ. ಆಮೇಲೆ ಮೂಗು ಅರಳಿಸಿ, "ಎಲ್ಲೋ ತುಪ್ಪದ ವಾಸನಿ ಬರಾಕತ್ತೈತಲ್ಲ" ಎಂದ.

"ಅತ್ತಿ ತಲಿಗೆ ಹಚ್ಚೀನಿ" ಎಂದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು.

ಮನೆಗೆ ಹೋಗುವಾಗ ಆಟೋದಲ್ಲಿ ಅತ್ತೆ ಅರಳಿದ ಮುಖದಿಂದ ಕೂಗಿದರು, "ಹದಿನೈದು ವರ್ಷದ ಮ್ಯಾಲೆ ಇವತ್ತು ಕಿವಿ ತುಂಬ ಕೇಳಿಸ್ತು ನೋಡು! ಆ ಹುಡುಗ ಅಷ್ಟು ಕರದ. ಏಳಾಕ ನಿನಗೇನು ಸೊಂಟ ಹಿಡದಿತ್ತೇನು?"

ವೀರೇಶ ಅದನ್ನು ಮತ್ತೆ ಬಾರಿಸಲಿಲ್ಲ. ಶೆಡ್ಡಿನಲ್ಲಿ ಗೆಳೆಯರು ಕೇಳಿದರೆ "ಅದು ಬ್ಯಾಡ" ಎನ್ನುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅದಿರು ತೆಗೆಯುವುದು ನಿಂತಿತು, ಗ್ಯಾರೇಜು ಮುಚ್ಚಿತು. ಅವನು ಕಂಪ್ಲಿಗೆ ಹೋಗಿ ಟ್ರಾಕ್ಟರ್ ರಿಪೇರಿ ಅಂಗಡಿ ಇಟ್ಟ. ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಬಿಸಿಲು ಭಾಳ ಎನ್ನುತ್ತಾನೆ. ಬಾರಿಸುವುದರ ಸುದ್ದಿ ಮಾತ್ರ ಎತ್ತುವುದಿಲ್ಲ. ಆದರೆ ಅತ್ತೆ ಆ ಒಂದನ್ನು ಮರೆಯಲಿಲ್ಲ. ಅಕ್ಕಿ ಆರಿಸುತ್ತ, ಕಾಲು ನೀವಿಕೊಳ್ಳುತ್ತ ಅದನ್ನೇ ಗುನುಗುವರು. ನನ್ನ ಹಾಡನ್ನು ನಾನು ಕಿವುಡಿಯ ಬಾಯಿಂದ ಕೇಳಿದೆ. ರೊಟ್ಟಿ ಬಡಿಯುವಾಗ ನನ್ನ ಬಾಯಿ ಮಾತ್ರ ಅಂದಿನಿಂದ... ಹೋಗಲಿ.

ಹೂಬತ್ತಿಯದು ದೊಡ್ಡ ತಪ್ಪಲ್ಲ ಎಂದು ನನಗೂ ಗೊತ್ತು. ನಾಚಿಕೆ ಆಯಿತು ಎಂದೆನಲ್ಲ — ನಾನು ಬೆಳೆಸಿದ ಹುಡುಗನಿಗೆ. ತಪ್ಪು ಅದು.

ಹೋದ ತಿಂಗಳು ಅತ್ತೆ ಹಾಸಿಗೆ ಹಿಡಿದರು. ನೋಡಲು ಬಂದ ವೀರೇಶನ ಕೈ ಹಿಡಿದು, "ಆ ನಿಮ್ಮಕ್ಕನ ಹಾಡು ಒಮ್ಮೆ ಬಾರಿಸಪ್ಪ. ನನಗ ಕೇಳಂಗ ಬಾರಿಸು" ಎಂದರು.

ಅವನು ನನ್ನತ್ತ ನೋಡದೆ, ಅತ್ತೆಯ ಕಿವಿಯ ಹತ್ತಿರ ಬಾಗಿ ಹೇಳಿದ, "ಅಕ್ಕಗ ಅದು ಸೇರಂಗಿಲ್ಲ, ಬಿಡ್ರಿ ಯವ್ವ."

ಸಿಟ್ಟಿಲ್ಲದೆ ಹೇಳಿದ. ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬಂದಿದ್ದ. ನಾನು ಒಲೆ ಆರಿಸಿ ಬಂದು ಅವನೆದುರಿಗೆ ಕುಳಿತೆ. ಮೆಲ್ಲಗೆ ಹೇಳಿದೆ, ಎಲ್ಲವನ್ನೂ. ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಷ್ಟರಲ್ಲಿ ಅತ್ತೆ ನನ್ನ ತೊಡೆಗೆ ತಿವಿದರು.

"ಏನದು ಪಿಸಿಪಿಸಿ? ಜೋರಾಗಿ ಹೇಳು, ನನಗೂ ಕೇಳ್ಲಿ."

ಕಿಟಕಿಯಾಚೆ ನೆರೆಯವರು ಬಟ್ಟೆ ಒಣಹಾಕುತ್ತಿದ್ದರು. ಹಾಕಲಿ ಎಂದುಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿದೆ:

"ವೀರೇಶ, ನಾ ನಿನ್ನ ಹಾಡು ಕೇಳೇ ಇಲ್ಲ! ಕಿವಿಗೆ ಹೂಬತ್ತಿ ಇಟ್ಕೊಂಡು ಕುಂತಿದ್ದೆ! ನಾಚಿಕಿ ಆತು ಅಂದದ್ದು ಸುಳ್ಳು! ತಪ್ಪು ನಂದಪ್ಪ, ನನ್ನ ಕ್ಷಮಿಸು!"